ಐದನೇ ಹಾಡು ಮುಗಿಯಿತು, ಕರಾರಿಗೆ ಇನ್ನೂ ಸಹಿಯಾಗಿಲ್ಲ

ಎರಡನೇ ಆಲ್ಬಂನ ಏಳು ಹಾಡುಗಳಲ್ಲಿ ಐದು ಮುಗಿದವು. ಐದನೆಯದು ಇಡೀ ತಿಂಗಳು ಕಾಡಿಸಿತು. ಮಲೆನಾಡಿನ ನಮ್ಮ ಸಾಗರ ಊರಿನಲ್ಲಿ ಆಷಾಢದ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಹಂಚಿನ ಮೇಲಿನ ಸದ್ದು ಹೇಗೋ ನಡೆಯುತ್ತದೆ, ಹಿತ್ತಲಿನ ತಗಡಿಗೆ ಬೀಳುವ ಹನಿ ಮಾತ್ರ ಸೀದಾ ಮೈಕಿಗೇ ಬರುತ್ತದೆ. ಒಂದು ರಾತ್ರಿ ಎರಡು ಗಂಟೆಗೆ ಹೊಳವಾಯಿತು. ಫ್ರಿಜ್ ಆಫ್ ಮಾಡಿ, ಕಿಟಕಿಗೆ ಕಂಬಳಿ ಕಟ್ಟಿ ಹಾಡಿದೆ. ಮೂರನೇ ಟೇಕ್ ಇಟ್ಟುಕೊಂಡೆ. ಎರಡನೇ ಚರಣದಲ್ಲಿ ‘ಹೊಳೆ’ ಅನ್ನುವಾಗ ದನಿ ಚೂರು ಒಡೆದಿದೆ. ತಿದ್ದಲಿಲ್ಲ, ಆ ಹೊಳೆ ತುಂಬಿ ಹರಿಯುವ ಹೊಳೆ, ಅಷ್ಟು ಒರಟು ಇರಲಿ.

ಈ ನಡುವೆ ಮೊದಲ ಆಲ್ಬಂನ ಒಂದು ಹಾಡನ್ನು ವೆಬ್ ಸರಣಿಯೊಂದಕ್ಕೆ ಕೇಳಿದ್ದಾರೆ. ದೃಶ್ಯ ಒಂದೂವರೆ ನಿಮಿಷದ್ದು. ಕಳಿಸಿದ ಕರಡಿನಲ್ಲಿ ಮಾತ್ರ ಎಲ್ಲ ಹಕ್ಕೂ, ಶಾಶ್ವತವಾಗಿ, ಜಗತ್ತಿನಾದ್ಯಂತ ಅವರಿಗೇ ಎಂದಿತ್ತು. ನಾನು ಒಪ್ಪಲಿಲ್ಲ. ಹಾಡೆಂದರೆ ಎರಡು ಆಸ್ತಿ: ಸಾಹಿತ್ಯ ಮತ್ತು ಸಂಯೋಜನೆ ಒಂದು, ರೆಕಾರ್ಡಿಂಗ್ ಇನ್ನೊಂದು. ದೃಶ್ಯಕ್ಕೆ ಕೂಡಿಸಲು ಮೊದಲನೆಯದಕ್ಕೆ ಸಿಂಕ್ ಲೈಸೆನ್ಸ್, ಎರಡನೆಯದಕ್ಕೆ ಮಾಸ್ಟರ್ ಲೈಸೆನ್ಸ್ ಬೇಕು. ಎರಡೂ ನನ್ನ ಹತ್ತಿರವೇ ಇರುವುದರಿಂದ ಗಟ್ಟಿಯಾಗಿ ಮಾತಾಡಲು ಸಾಧ್ಯವಾಯಿತು. ಆ ಸರಣಿಗೆ ಮಾತ್ರ, ಮಾಲೀಕತ್ವ ನನ್ನದೇ ಎಂದು ತಿದ್ದಿ ಕಳಿಸಿದ್ದೇನೆ. ಹಾಡು ಬರೆಯುವ ಗೆಳೆಯರೆಲ್ಲ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಒಮ್ಮೆ ಓದಿಕೊಳ್ಳಿ. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೇ ಅರ್ಥ. ಸಿನಿಮಾದಲ್ಲಿ ಸೇರಿದ ಹಾಡು ಚಿತ್ರಮಂದಿರದ ಆಚೆ ಬಳಕೆಯಾದಾಗ ಬರುವ ರಾಯಧನದಲ್ಲಿ, ಹಕ್ಕು ಪಡೆದವರ ಜೊತೆಗೆ ಸಾಹಿತಿಗೂ ಸಂಯೋಜಕರಿಗೂ ಇರುವ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ. ಇಷ್ಟು ಗೊತ್ತಿಲ್ಲದೆ ಎಷ್ಟು ಜನ ಸಹಿ ಹಾಕಿದ್ದಾರೋ ಎಂದು ಸಂಕಟವಾಗುತ್ತದೆ.

ಇನ್ನೊಂದು ಪೆಟ್ಟು ಬಿದ್ದದ್ದು ಫೈಲಿನಲ್ಲಿ. ಸಂಭಾಷಣೆಯ ಕೆಳಗೆ ಹಾಕಲು ದನಿಯಿಲ್ಲದ ಟ್ರ್ಯಾಕ್ ಕೇಳಿದರು, 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ. ಮೊದಲ ಆಲ್ಬಂ ಮಾಡುವಾಗ ನಾನು ಗಿಟಾರ್ ನುಡಿಸುತ್ತಲೇ ಒಂದೇ ಮೈಕಿಗೆ ಹಾಡಿಬಿಟ್ಟಿದ್ದೆ. ದನಿ ತೆಗೆದರೆ ಗಿಟಾರೂ ಹೋಗುತ್ತದೆ. ಎರಡು ದಿನ ಕೂತು ಗಿಟಾರನ್ನು ಹೊಸದಾಗಿ ನುಡಿಸಿದೆ. ಹಳೆಯ ನಡೆ ಹಿಡಿಯುವುದೇ ಕಷ್ಟ, ಅಂದು ನಾನು ಲಯ ತೋರಿಸುವ ಮೆಟ್ರೊನೋಮ್ ಇಟ್ಟಿರಲಿಲ್ಲ. ಈ ಆಲ್ಬಂನಲ್ಲಿ ಪ್ರತಿ ವಾದ್ಯಕ್ಕೂ ಬೇರೆ ಟ್ರ್ಯಾಕ್, ಪ್ರತಿ ಹಾಡಿಗೂ ದನಿಯಿಲ್ಲದ ಮಿಕ್ಸ್ ಆವತ್ತೇ ತಯಾರು.

ಆರನೇ ಹಾಡಿಗೆ ಕೊಳಲು ಬೇಕು. ಕೊಳಲಿನವರ ಗದ್ದೆಯಲ್ಲಿ ನಾಟಿ ನಡೆದಿದೆ, ಮುಗಿಸಿಕೊಂಡು ಬರುತ್ತೇನೆ ಎಂದಿದ್ದಾರೆ.