ತೀರ್ಪಿಗೂ ಶಿಕ್ಷೆಗೂ ನಡುವೆ

ಬೆಳಿಗ್ಗೆ ಹನ್ನೊಂದೂವರೆಗೆ ನ್ಯಾಯಾಧೀಶರು ಆಗಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 302ನೇ ಕಲಮಿನ ಅಡಿ ಕೊಲೆಯ ಅಪರಾಧ ಸಾಬೀತಾಗಿದೆ ಎಂದರು. ಶಿಕ್ಷೆಯ ಪ್ರಮಾಣದ ಬಗ್ಗೆ ಎರಡೂವರೆಗೆ ವಾದ ಕೇಳುತ್ತೇನೆ ಎಂದು ಎದ್ದು ಒಳಗೆ ಹೋದರು. ಒಂದೇ ಮನೆಯ ಮೂವರ ಕೊಲೆ ಪ್ರಕರಣ ಅದು. ಸತ್ತವರಲ್ಲಿ ಒಂದು ಮಗುವೂ ಇತ್ತು. ಆರೋಪಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದೆ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಕೇಸು ನಮ್ಮ ಸೀನಿಯರ್ ಕೈಗೆ ಬಂದಿತ್ತು. ನಾನು ಅವರ ಜೂನಿಯರ್, ಸನ್ನದು ಪಡೆದು ಇನ್ನೂ ವರ್ಷ ತುಂಬಿರಲಿಲ್ಲ.

ಸಾಕ್ಷ್ಯ ಗಟ್ಟಿಯಾಗಿತ್ತು. ಅವನೇ ಕೊಂದವನು ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಆದರೆ ನೇಣಿಗೆ ಅಷ್ಟು ಸಾಲದು. ಜೀವಾವಧಿಯೇ ನಿಯಮ, ಗಲ್ಲು ಅಪವಾದ. ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕು, ಅವನು ಸುಧಾರಿಸುವ ಸಾಧ್ಯತೆಯನ್ನು ತೂಗಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ, ಬಚ್ಚನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದನ್ನೆಲ್ಲ ತೂಗಲು ಬೇಕಾದ ಸಂಗತಿಗಳನ್ನು ಹುಡುಕಿ ತರಲು ನಮಗಿದ್ದದ್ದು ಮೂರು ಗಂಟೆ, ಊಟದ ಹೊತ್ತೂ ಸೇರಿ.

ಸೀನಿಯರ್ ತೀರ್ಪುಗಳನ್ನು ಹುಡುಕಲು ವಕೀಲರ ಸಂಘದ ಲೈಬ್ರರಿಗೆ ಹೋದರು. ‘ಅವನ ಕಡೆಯವರು ಯಾರಾದರೂ ಬಂದಿದ್ದಾರಾ ನೋಡಮ್ಮ’ ಎಂದು ನನ್ನನ್ನು ಕಳಿಸಿದರು. ಅಕ್ಕ ಒಬ್ಬಳೇ ಬಂದಿದ್ದಳು. ಮೆಟ್ಟಿಲ ಕೆಳಗೆ ಕೂತು ಪ್ಲಾಸ್ಟಿಕ್ ಕವರೊಂದನ್ನು ಎದೆಗೆ ಒತ್ತಿಕೊಂಡಿದ್ದಳು. ದಾಖಲೆ ಏನಾದರೂ ಬೇಕಾದೀತು ಎಂದು ಯಾರೋ ಹೇಳಿದ್ದರಂತೆ. ಕವರಿನಲ್ಲಿ ರೇಷನ್ ಕಾರ್ಡಿನ ಜೆರಾಕ್ಸ್, ಅಪ್ಪನ ಮರಣ ಪ್ರಮಾಣಪತ್ರ, ತಮ್ಮ ಜೈಲಿನಿಂದ ಬರೆಸಿದ್ದ ಎರಡು ಕಾಗದ. ಅವನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟದ್ದು, ಇಟ್ಟಿಗೆ ಗೂಡಿನಲ್ಲಿ ಬೆಳೆದದ್ದು, ಹುಡುಗನಾಗಿದ್ದಾಗ ತಲೆಗೆ ಪೆಟ್ಟು ಬಿದ್ದು ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದದ್ದು, ಎಲ್ಲವನ್ನೂ ನಿಂತುಕೊಂಡೇ ಬರೆದುಕೊಂಡೆ. ಆಸ್ಪತ್ರೆಯ ಚೀಟಿ ಇದೆಯಾ ಎಂದೆ. ‘ಆಗ ಆಸ್ಪತ್ರೆಗೆ ಎಲ್ಲಿ ಹೋಗಿದ್ವಿ ಮೇಡಂ? ಇದನ್ನೆಲ್ಲ ಇಷ್ಟು ದಿನ ಯಾರೂ ಕೇಳಲೇ ಇಲ್ಲ’ ಎಂದಳು.

ಎರಡೂವರೆಗೆ ಕೋರ್ಟ್ ಹಾಲ್ ತುಂಬಿತ್ತು. ಗಲ್ಲು ಬರೆದ ಮೇಲೆ ನ್ಯಾಯಾಧೀಶರು ಪೆನ್ನಿನ ನಿಬ್ಬು ಮುರಿಯುತ್ತಾರಂತೆ, ಅದನ್ನು ನೋಡಬೇಕು ಎಂದೇ ಕೆಲವರು ಬಂದಿದ್ದರು. ಅದು ಯಾವ ಕಾನೂನಿನಲ್ಲೂ ಇಲ್ಲ, ರೂಢಿ ಅಷ್ಟೆ. ಸರ್ಕಾರಿ ಅಭಿಯೋಜಕರು ಸತ್ತವರ ವಯಸ್ಸು, ಮೈಮೇಲಿದ್ದ ಗಾಯಗಳನ್ನು ಒಂದೊಂದಾಗಿ ಓದಿದರು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಗುವಿನ ಗಾಯಗಳ ವಿವರ ಬಂದಾಗ ನನಗೆ ತಲೆಯೆತ್ತಲು ಆಗಲಿಲ್ಲ. ನಮ್ಮ ಸೀನಿಯರ್ ನನ್ನ ಟಿಪ್ಪಣಿ ಹಿಡಿದು ಹೇಳಬಹುದಾದಷ್ಟು ಹೇಳಿದರು. ಯಾವುದಕ್ಕೂ ಕಾಗದದ ಆಧಾರವಿರಲಿಲ್ಲ.

‘ಶಿಕ್ಷೆಯ ಬಗ್ಗೆ ನಿನಗೆ ಏನಾದರೂ ಹೇಳುವುದಿದೆಯಾ?’ ಎಂದು ನ್ಯಾಯಾಧೀಶರು ಕೇಳಿದರು. ಅವನು ಕಟಕಟೆಯ ಮರವನ್ನು ಹೆಬ್ಬೆರಳಿನಿಂದ ಉಜ್ಜುತ್ತಾ, ‘ಅಕ್ಕನಿಗೆ ಯಾರೂ ಇಲ್ಲ ಸ್ವಾಮಿ’ ಎಂದ. ಮುಂದೆ ಮಾತು ಹೊರಡಲಿಲ್ಲ. ಆದೇಶದಲ್ಲಿ ಅದು ‘ಅಪರಾಧಿಯು ಕರುಣೆ ಕೋರಿದ್ದಾನೆ’ ಎಂದು ದಾಖಲಾಯಿತು. ಶಿಕ್ಷೆ ತಗ್ಗಿಸಲು ತಕ್ಕ ಯಾವ ಸಂಗತಿಯೂ ಕಂಡುಬಂದಿಲ್ಲ, ಇದು ಅಪರೂಪದಲ್ಲಿ ಅಪರೂಪದ ಪ್ರಕರಣ, ಸಾಯುವವರೆಗೆ ಕುತ್ತಿಗೆಗೆ ನೇಣು. ಹೈಕೋರ್ಟ್ ಸ್ಥಿರೀಕರಿಸದೆ ಶಿಕ್ಷೆ ಜಾರಿಯಾಗುವುದಿಲ್ಲ, ಮೇಲ್ಮನವಿಗೆ 30 ದಿನ ಇದೆ ಎಂದು ನ್ಯಾಯಾಧೀಶರು ನಿಧಾನವಾಗಿ ತಿಳಿಸಿದರು. ಅವನು ತಲೆಯಾಡಿಸಿದ. ಅರ್ಥವಾದಂತೆ ಕಾಣಲಿಲ್ಲ.

ಹೊರಗೆ, ಸತ್ತ ಹೆಣ್ಣುಮಗಳ ಅಣ್ಣ ನನ್ನನ್ನು ತಡೆದರು. ನಾನು ಎದುರು ಪಕ್ಷದವಳು ಎಂದು ಗೊತ್ತಿದ್ದೂ, ‘ಯಾವಾಗ ಹಾಕ್ತಾರಮ್ಮ?’ ಎಂದು ಕೇಳಿದರು. ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್, ಪುನರ್‌ಪರಿಶೀಲನೆ, ಕ್ಷಮಾದಾನದ ಅರ್ಜಿಗೆ ರಾಜ್ಯಪಾಲರು, ರಾಷ್ಟ್ರಪತಿ ಎಂದು ಹೇಳುತ್ತಾ ಹೋದೆ. ‘ಅಲ್ಲೀತನಕ ನಾನೂ ಅಲೀತಾ ಇರಬೇಕಾ?’ ಎಂದರು. ಹೌದು ಎನ್ನಬೇಕಾಯಿತು. ಬೆಂಗಳೂರಿನ ಒಂದು ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಲಯ 2006ರಲ್ಲಿ ವಿಧಿಸಿದ ಗಲ್ಲನ್ನು ಸುಪ್ರೀಂ ಕೋರ್ಟ್ ಕನಿಷ್ಠ 30 ವರ್ಷಗಳ ಸೆರೆಗೆ ಇಳಿಸಿದ್ದು 2022ರಲ್ಲಿ. ಕಾನೂನು ಮೀರಿ ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿಟ್ಟದ್ದು ಅದಕ್ಕೊಂದು ಕಾರಣ. ಎಲ್ಲ ಮುಗಿಯಿತು ಎಂದುಕೊಂಡು ಮನೆಗೆ ಹೋಗುವ ಕುಟುಂಬಕ್ಕೆ ಗಲ್ಲು ಕೊಡುವುದು ಇಂಥ ಕಾಯುವಿಕೆಯನ್ನು. ಇದು ಅವರಿಗೂ ಅನ್ಯಾಯ ಎಂದೇ ನನ್ನ ನಂಬಿಕೆ.

ಅಪರಾಧಿಯ ಮಾನಸಿಕ ಸ್ಥಿತಿಯ ವರದಿ, ಜೈಲಿನ ನಡತೆಯ ವರದಿ, ಕುಟುಂಬದ ಹಿನ್ನೆಲೆ ಇವನ್ನೆಲ್ಲ ವಿಚಾರಣಾ ಹಂತದಲ್ಲೇ ತರಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮನೋಜ್ ಪ್ರಕರಣದಲ್ಲಿ ಹೇಳಿತು. ನಮ್ಮ ಕೇಸು ಅದಕ್ಕಿಂತ ಹಿಂದಿನದು. ಕೇಳುವ ಕೆಲಸ ನಾವೇ ಮಾಡಬೇಕಿತ್ತು. ಆ ಸಂಜೆ ಅಕ್ಕನನ್ನು ಆಫೀಸಿಗೆ ಕರೆದೊಯ್ದೆವು. ಊರಿಗೆ ಕೊನೆಯ ಬಸ್ಸು ಒಂಬತ್ತಕ್ಕೆ ಎಂದಳು. ಸೀನಿಯರ್ ಹೊಸ ಫೈಲು ತೆಗೆದು, ‘ಹೈಕೋರ್ಟಿಗೆ ಅಫಿಡವಿಟ್ ಹಾಕೋಣ, ಹುಟ್ಟಿದಾಗಿನಿಂದ ಶುರುಮಾಡು’ ಎಂದರು. ಅವನು ಹುಟ್ಟಿದ್ದು ಎಲ್ಲಿ, ಆಗ ಮನೆಯಲ್ಲಿ ಯಾರ‍್ಯಾರು ಇದ್ದರು ಎಂದು ಆಕೆಯನ್ನು ಕೇಳುತ್ತಾ ಬರೆಯತೊಡಗಿದೆ.