ಕೇಳುವ ಮಗು, ಕೇಳದ ಮಗು

6 ಏಪ್ರಿಲ್ 2023, ಗುರುವಾರ
ಪೆತಾಹ್ ತಿಕ್ವಾ, ಇಸ್ರೇಲ್

ಇವತ್ತು ನಮಗೆ ಪವಿತ್ರ ಗುರುವಾರ. ಜಾಫಾದ ಚರ್ಚಿಗೆ ಹೋಗೋಣ ಎಂದರೆ ಬಸ್ಸಿಲ್ಲ. ಇಲ್ಲಿನ ಯೆಹೂದಿಗಳಿಗೆ ಪೆಸಾಖ್ ಹಬ್ಬದ ಮೊದಲ ದಿನ. ಕತ್ತಲಾಗುವವರೆಗೆ ಒಂದು ಬಸ್ಸೂ ಓಡುವುದಿಲ್ಲ. ಸವ್ತಾ ಮಲಗಿದ್ದಾರೆ. ಸವ್ತಾ ಎಂದರೆ ಹೀಬ್ರೂನಲ್ಲಿ ಅಜ್ಜಿ, ನಾನು ನೋಡಿಕೊಳ್ಳುವವರು. ನಿನ್ನೆ ರಾತ್ರಿ ಒಂದು ಗಂಟೆಯವರೆಗೆ ಮೇಜಿನ ಮುಂದೆ ಕೂತಿದ್ದರು, 89ರ ವಯಸ್ಸಲ್ಲಿ. ಮಲಗಲಿ ಪಾಪ.

ನನಗೆ ಹಸಿವು. ಹಬ್ಬದ ಏಳು ದಿನ ಈ ಮನೆಯಲ್ಲಿ ಬ್ರೆಡ್ ಇಲ್ಲ, ಅದು ಎಲ್ಲ ಯೆಹೂದಿಗಳಿಗೂ ಉಂಟು. ಆದರೆ ಇವರು ರುಮೇನಿಯಾದಿಂದ ಬಂದವರು, ಆ ಕಡೆಯವರ ಪದ್ಧತಿಯಂತೆ ಹಬ್ಬದಲ್ಲಿ ಅನ್ನವೂ ಇಲ್ಲ. ಎದುರು ಮನೆಯ ಇರಾಕಿನವರು ಅನ್ನ ತಿನ್ನುತ್ತಾರೆ. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ನನ್ನನ್ನು ದೇವರು ಸರಿಯಾಗಿ ಇದೇ ಮನೆಗೆ ತಂದು ಹಾಕಿದ್ದಾನೆ.

ನಿನ್ನೆಯದು ಸೇದೆರ್ ಊಟ, ಹಬ್ಬ ಶುರುವಾಗುವ ರಾತ್ರಿಯದು. ಊಟ ಎನ್ನುವುದು ಹೆಸರಿಗೆ. ಎರಡು ಗಂಟೆ ಓದು, ಹಾಡು, ವಾದ. ಆಮೇಲೆ ಊಟ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದ ಕಥೆಯನ್ನು ಹೇಳಬೇಕು, ಆದರೆ ಸುಮ್ನೆ ಹೇಳುವ ಹಾಗಿಲ್ಲ. ಮೊದಲು ಮಗು ಕೇಳಬೇಕು. ಮನೆಯ ಅತೀ ಚಿಕ್ಕವಳು, ಐದು ವರ್ಷದವಳು, ಕುರ್ಚಿ ಮೇಲೆ ನಿಂತು 'ಮಾ ನಿಶ್ತಾನಾ' ಹಾಡಿದಳು. ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ? ಇವತ್ತು ಯಾಕೆ ಬರೀ ಹುಳಿಯಿಲ್ಲದ ರೊಟ್ಟಿ? ಯಾಕೆ ಕಹಿ ಸೊಪ್ಪು? ಯಾಕೆ ಎರಡು ಸಲ ಅದ್ದಿ ತಿನ್ನುವುದು? ಯಾಕೆ ಎಲ್ಲರೂ ಒರಗಿ ಕೂರುವುದು? ಅವಳು ಮುಗಿಸುವವರೆಗೆ ದೊಡ್ಡವರೆಲ್ಲ ಬಾಯಿ ಮುಚ್ಚಿ ಕೂತಿದ್ದರು.

ಇವಳು ಬಾಯಿಪಾಠ ಮಾಡಿದ್ದಾಳೆ, ಅದು ಬೇರೆ ಮಾತು. ಆದರೆ ಇಡೀ ರಾತ್ರಿ ಹೀಗೆಯೇ, ಮಗುವಿಗೆ ತಾನಾಗಿ ಪ್ರಶ್ನೆ ಹುಟ್ಟಲಿ ಎಂದೇ ಏನೇನೋ ವಿಚಿತ್ರ ಮಾಡುತ್ತಾರೆ. ಸವ್ತಾರ ಸೊಸೆ ಶಾಲೆಯಲ್ಲಿ ಟೀಚರ್. ಅವರು ಹೇಳಿದ್ದು: ಸುಮಾರು 1900 ವರ್ಷದ ಹಿಂದೆ ರಬ್ಬಿ ಅಕಿವಾ ಎಂಬ ದೊಡ್ಡ ಗುರು ಹಬ್ಬದ ಸಂಜೆ ಮಕ್ಕಳಿಗೆ ಹುರಿದ ಕಾಳು, ಅಕ್ರೋಟ್ ಹಂಚುತ್ತಿದ್ದರಂತೆ. ಮಕ್ಕಳು ನಿದ್ದೆ ಹೋಗದೆ ಕೇಳಲಿ ಎಂದು. ಇನ್ನೊಂದು ಕಥೆ ಯೆಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದ್‌ನಲ್ಲಿದೆ. ಊಟಕ್ಕೆ ಮುಂಚೆಯೇ ಮೇಜು ಎತ್ತಿಬಿಟ್ಟರಂತೆ. ಅಬಾಯೆ ಎಂಬ ಹುಡುಗ, "ನಾವಿನ್ನೂ ತಿಂದೇ ಇಲ್ಲ, ಎತ್ತುವುದೇಕೆ?" ಎಂದ. ಸಾಕಿದ ಗುರು ಖುಷಿಯಾಗಿ, "ಇನ್ನು ಮಾ ನಿಶ್ತಾನಾ ಬೇಡ, ನೀನು ಕೇಳಿಯಾಯಿತು" ಎಂದರಂತೆ.

ನಮ್ಮಲ್ಲಾದರೆ? ಊಟದ ಹೊತ್ತಲ್ಲಿ ಬಾಯಿ ಬಿಟ್ಟರೆ ಅಮ್ಮ ಸೌಟು ತೋರಿಸುತ್ತಿದ್ದಳು. 2019ರಲ್ಲಿ ಬಂದ ಹೊಸದರಲ್ಲಿ ಈ ಮನೆಯ ಮಕ್ಕಳನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಜ್ಜಿಗೇ ಎದುರು ವಾದ! ಅಪ್ಪ ಒಂದು ಹೇಳಿದರೆ "ಯಾಕೆ?" ಎಂದು ಮೂರು. ಇವತ್ತಿಗೂ ಆ ಗಲಾಟೆ ನನಗೆ ಜಾಸ್ತಿ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಶುಕ್ರವಾರ ಸಂಜೆ ಅದೇ ಮಕ್ಕಳು ಸಾಲಾಗಿ ಬಂದು ತಲೆ ಬಗ್ಗಿಸುತ್ತಾರೆ. ಸಬ್ಬತ್ತಿನ, ಅಂದರೆ ಇವರ ವಾರದ ವಿಶ್ರಾಂತಿ ದಿನದ, ದೀಪ ಹಚ್ಚಿದ ಮೇಲೆ, ಊಟಕ್ಕೆ ಕೂರುವ ಮೊದಲು, ಅಪ್ಪ ಒಬ್ಬೊಬ್ಬರ ತಲೆ ಮೇಲೆ ಎರಡೂ ಕೈ ಇಡುತ್ತಾನೆ. ಹುಡುಗನಿಗೆ, "ದೇವರು ನಿನ್ನನ್ನು ಎಫ್ರಾಯಿಮ್, ಮನಸ್ಸೆಯರ ಹಾಗೆ ಮಾಡಲಿ." ಹುಡುಗಿಗೆ ಸಾರಾ, ರೆಬೆಕ್ಕ, ರಾಹೇಲ್, ಲೇಯಾರ ಹಾಗೆ. ಅಬ್ರಹಾಮ, ಮೋಶೆ ಬಿಟ್ಟು ಆ ಇಬ್ಬರು ಹುಡುಗರೇ ಯಾಕೆ? ನಾನು ಕೇಳಿದ್ದೆ (ನೋಡಿ, ಕೇಳುವ ರೋಗ ನನಗೂ ಅಂಟಿದೆ). ತಾತ ಯಾಕೋಬ ಕಿರಿಯವನ ತಲೆ ಮೇಲೆ ಬಲಗೈ ಇಟ್ಟರೂ ಅಣ್ಣ ಜಗಳ ತೆಗೆಯಲಿಲ್ಲ, ಅದಕ್ಕೇ ಎಂದರು. ಬೈಬಲ್ಲಿನ ಮೊದಲ ಪುಸ್ತಕದ ತುಂಬ ಅಣ್ಣತಮ್ಮಂದಿರು ಹೊಡೆದಾಡುವವರೇ, ಅಲ್ವಾ. ಆಮೇಲೆ, "ಸರ್ವೇಶ್ವರ ನಿನ್ನನ್ನು ಆಶೀರ್ವದಿಸಿ ಕಾಪಾಡಲಿ." ಇದು ನನಗೆ ಗೊತ್ತಿದ್ದದ್ದೇ. ಜನವರಿ ಒಂದರ ಪೂಜೆಯಲ್ಲಿ ನಮ್ಮ ಚರ್ಚಿನಲ್ಲೂ ಓದುತ್ತಾರೆ.

ಮೊದಲ ಸಲ ನೋಡಿದಾಗ ಅಡುಗೆಮನೆಗೆ ಹೋಗಿ ಅತ್ತಿದ್ದೆ. ನಮ್ಮ ಮನೆಯಲ್ಲೂ ರಾತ್ರಿ ತೇರ್ಸ್, ಅಂದರೆ ಜಪಮಾಲೆ, ಮುಗಿದ ಮೇಲೆ ಅಜ್ಜಿಯ ಹತ್ತಿರ ಹೋಗಿ "ಬೆಸಾಂವ್ ದೀ", ಆಶೀರ್ವಾದ ಕೊಡು, ಎಂದು ಕೊಂಕಣಿಯಲ್ಲಿ ಕೇಳಿ ಕೈ ಮುಗಿಯುತ್ತಿದ್ದೆವು. ನನ್ನ ಮಗ ಈಗ ಅದನ್ನು ಫೋನಿನಲ್ಲಿ ಕೇಳುತ್ತಾನೆ. ಪರದೆಗೆ ತಲೆ ಬಗ್ಗಿಸಿದರೆ ನನಗೆ ಕಾಣುವುದು ಅವನ ನೆತ್ತಿ ಮಾತ್ರ.

ನಿನ್ನೆ ನನ್ನನ್ನು ಚುಚ್ಚಿದ ಮಾತು ಬಂದದ್ದು ಆಟದ ಮಧ್ಯೆ. ರೊಟ್ಟಿಯ ಒಂದು ತುಂಡನ್ನು, ಅಫಿಕೋಮನ್ ಎನ್ನುತ್ತಾರೆ, ಬಚ್ಚಿಡುತ್ತಾರೆ. ಊಟದ ಕೊನೆಗೆ ಅದನ್ನು ತಿನ್ನದೆ ಮುಂದಕ್ಕೆ ಹೋಗುವಂತಿಲ್ಲ. ಹುಡುಕಿದ ಮಗು ಬೆಲೆ ಕೇಳಬಹುದು. ಏಳು ವರ್ಷದವನು ಸವ್ತಾರ ದಿಂಬಿನ ಕೆಳಗಿಂದ ಎತ್ತಿಕೊಂಡು ಬಂದು, "ಸೈಕಲ್" ಎಂದ. ಹೂಂ ಎಂದುಬಿಡಬಹುದಿತ್ತು ಅಪ್ಪ. ಹಬ್ಬ ಮುಗಿಯುವಷ್ಟರಲ್ಲಿ ಹುಡುಗ ಮರೆಯುತ್ತಿದ್ದ. ಆದರೆ ಅವನು, "ಸೈಕಲ್ ಈಗ ಆಗುವುದಿಲ್ಲ, ಆಗುವುದನ್ನು ಕೇಳು" ಎಂದ. ಹತ್ತು ನಿಮಿಷ ಚೌಕಾಸಿ. ಕೊನೆಗೆ ಈಜು ಕನ್ನಡಕಕ್ಕೆ ಒಪ್ಪಂದವಾಯಿತು. ಈಜು ಕಲಿಸುವುದೂ ತಾಲ್ಮುದ್ ಪ್ರಕಾರ ಅಪ್ಪನ ಕರ್ತವ್ಯವಂತೆ, ಕಸುಬು ಕಲಿಸುವುದರ ಜೊತೆಗೆ. ಆ ಪಟ್ಟಿ ಇರುವುದು ಗಂಡು ಮಕ್ಕಳ ಬಗ್ಗೆ. ಐದು ವರ್ಷದವಳೂ ಈಜಿಗೆ ಹೋಗುತ್ತಾಳೆ, ಅದು ಈ ಕಾಲದ ಪುಣ್ಯ.

"ಯಾಕಿಷ್ಟು ಹಠ?" ಎಂದು ಸೊಸೆಯನ್ನು ಕೇಳಿದೆ. "ಕೊಡುತ್ತೇನೆ ಎಂದು ಮಗುವಿಗೆ ಹೇಳಿ ಕೊಡದೆ ಇರಬಾರದು, ಹಾಗೆ ಮಾಡಿದರೆ ಸುಳ್ಳು ಕಲಿಸಿದ ಹಾಗೆ. ರಬ್ಬಿ ಝೇರಾ ಹೇಳಿದ್ದು" ಎಂದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮಗನ ಮೊದಲ ಪರಮಪ್ರಸಾದ ಬರುವ ತಿಂಗಳು. ಬರುತ್ತೇನೆ ಎಂದಿದ್ದೆ. ಕಳೆದ ಕ್ರಿಸ್ಮಸ್‌ಗೂ ಬರುತ್ತೇನೆ ಎಂದಿದ್ದೆ. ಅದಕ್ಕೂ ಹಿಂದೆ ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ, ನಮ್ಮ ಮರಿಯಮ್ಮನ ಹುಟ್ಟುಹಬ್ಬಕ್ಕೆ. ಈ ಸಲವೂ ಬದಲಿಗೆ ಜನ ಸಿಕ್ಕಿಲ್ಲ, ವಾರದ ಹಿಂದೆಯೇ ಗೊತ್ತಾಗಿದೆ. ಮನೆಗೆ ಹೇಳಿಲ್ಲ. ಅವನು ಮೊದಲು ಫೋನ್ ಎತ್ತಿದ ಕೂಡಲೇ "ಯಾವಾಗ ಬರ್ತಿ?" ಎನ್ನುತ್ತಿದ್ದ. ಈಗ ಕೇಳುವುದಿಲ್ಲ. ದೊಡ್ಡವನಾದ, ಬುದ್ಧಿ ಬಂತು ಎಂದುಕೊಂಡಿದ್ದೆ ನಾನು.

ಸೇದೆರ್ ಪುಸ್ತಕದಲ್ಲಿ ನಾಲ್ಕು ಮಕ್ಕಳು ಬರುತ್ತಾರೆ. ಜಾಣ, ಪೋಕರಿ, ಮುಗ್ಧ, ಕೇಳಲು ಬಾರದವನು. ಆ ನಾಲ್ಕನೆಯವನಿಗೆ ನೀನೇ ಬಾಯಿ ತೆರೆ ಎಂದಿದೆ. ಅಂದರೆ ದೊಡ್ಡವರು ಶುರು ಮಾಡಬೇಕು. 2020ರ ಲಾಕ್‌ಡೌನಿನಲ್ಲಿ ಸೇದೆರ್‌ಗೆ ಈ ಮನೆಯಲ್ಲಿ ಇದ್ದದ್ದು ಸವ್ತಾ ಮತ್ತು ನಾನು ಮಾತ್ರ. ಒಬ್ಬರೇ ಇದ್ದರೂ ತನ್ನನ್ನು ತಾನೇ ಕೇಳಿಕೊಳ್ಳಬೇಕು ಎಂಬ ನಿಯಮ ಉಂಟು. ಸವ್ತಾ ಅದಕ್ಕೆ ಒಪ್ಪಲಿಲ್ಲ. ನನ್ನ ಹರಕು ಹೀಬ್ರೂನಲ್ಲಿ ನನ್ನಿಂದಲೇ ನಾಲ್ಕೂ ಪ್ರಶ್ನೆ ಕೇಳಿಸಿದರು. ಮೂವತ್ತೆರಡರಲ್ಲಿ ನಾನು ಈ ಮನೆಯ ಚಿಕ್ಕ ಮಗುವಾಗಿದ್ದೆ.

ರಾತ್ರಿ 9

ಸಂಜೆ ಅಮ್ಮನೇ ಫೋನ್ ಮಾಡಿದಳು. ಲೆಬನಾನ್ ಕಡೆಯಿಂದ ರಾಕೆಟ್ ಬಿದ್ದ ಸುದ್ದಿ ಟಿವಿಯಲ್ಲಿ ನೋಡಿದ್ದಾಳೆ. ಅದು ಉತ್ತರಕ್ಕೆ, ನಾವು ಇರುವಲ್ಲಿ ಏನಿಲ್ಲ ಎಂದೆ. ಅವರು ಆಗತಾನೇ ಚರ್ಚಿನಿಂದ ಬಂದಿದ್ದರು. ಮಗನಿಗೆ ಕೊಡು ಎಂದೆ.

"ಮೇಯಲ್ಲಿ ನನಗೆ ಬರಲಿಕ್ಕಾಗುವುದಿಲ್ಲ. ಬರುತ್ತೇನೆ ಎಂದಿದ್ದೆ, ಆಗಲಿಲ್ಲ. ಯಾವಾಗ ಎಂದು ಈಗ ಹೇಳುವುದಿಲ್ಲ. ಟಿಕೆಟ್ ಕೈಗೆ ಬಂದ ಮೇಲೆ ಹೇಳುತ್ತೇನೆ."

"ಹ್ಞೂಂ."

ಅವನು ಪರದೆಯಿಂದ ಪಕ್ಕಕ್ಕೆ ಸರಿದ. ಗೋಡೆ ಕಾಣುತ್ತಿತ್ತು, ಕ್ಯಾಲೆಂಡರ್ ಕಾಣುತ್ತಿತ್ತು. ಏನು ಹೇಳುವುದು ತಿಳಿಯದೆ ನಿನ್ನೆಯ ರೊಟ್ಟಿ ಬಚ್ಚಿಟ್ಟ ಕಥೆ ಶುರು ಮಾಡಿದೆ. ದಿಂಬು, ಚೌಕಾಸಿ, ಸೈಕಲ್. ಸುಮಾರು ಹೊತ್ತು ನಾನೊಬ್ಬಳೇ ಮಾತಾಡಿದೆ.

"ಮತ್ತೆ ಅವನಿಗೆ ಸೈಕಲ್ ಯಾಕೆ ಕೊಡಲಿಲ್ಲ?" ಗೋಡೆಯ ಹಿಂದಿನಿಂದ ಬಂತು.

ಹೇಳಿದೆ. ಆಮೇಲೆ ಅನ್ನ ಯಾಕೆ ತಿನ್ನುವುದಿಲ್ಲ ಎಂದು ಕೇಳಿದ. ಅದನ್ನೂ ಹೇಳಿದೆ, ನನಗೆ ತಿಳಿದಷ್ಟು. "ಹಾಗಾದರೆ ನೀನು ಏನು ತಿಂದೆ?" ಎಂದ.

ಬಟಾಟೆ ಎಂದೆ.