"ಕನ್ನಡದಲ್ಲಿ ಒಳ್ಳೆ ಸಿನಿಮಾ ಎಲ್ಲಿ ಬರ್ತಿವೆ?" ಅಂತ ಕೇಳುವವರಿಗೆ

ಆಫೀಸಿರಲಿ, ಮದುವೆಮನೆ ಇರಲಿ, ಸಿನಿಮಾ ಮಾತು ಬಂದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ. "ಮಲಯಾಳಂನಲ್ಲಿ ಎಂಥೆಂಥ ಸಿನಿಮಾ ಮಾಡ್ತಾರೆ ನೋಡಿ. ನಮ್ಮಲ್ಲಿ ಎಲ್ಲಿ ಬರ್ತಿವೆ?" ಬರ್ತಿವೆ ಅಂತಲೇ ನನ್ನ ಉತ್ತರ. ಈಚೆಗೆ ನಾನು ನೋಡಿದ ಮೂರರ ಬಗ್ಗೆ ಹೇಳುತ್ತೇನೆ.

'ಸು ಫ್ರಮ್ ಸೋ' ನೀವೂ ನೋಡಿರುತ್ತೀರಿ. 2025ರ ಜುಲೈನಲ್ಲಿ ಬಂತು, ನೋಡಿದವರ ಬಾಯಿಮಾತಿನಿಂದಲೇ ಥಿಯೇಟರ್ ತುಂಬಿತು. ಅಶೋಕ ಅನ್ನುವ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನ ದೆವ್ವವಾಗಿ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬುತ್ತದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕಥೆ ಒಬ್ಬ ಹೆಣ್ಣುಮಗಳ ಕಷ್ಟದ ಕಡೆ ತಿರುಗುವ ಜಾಗ ಮಾತ್ರ ಸ್ವಲ್ಪ ಅವಸರವಾಯಿತು ಅನ್ನಿಸಿತು.

ಅದೇ ವರ್ಷ ಮಾರ್ಚ್‌ನಲ್ಲಿ ಬಂದ 'ಮಿಥ್ಯ'ದ ಹೆಸರನ್ನೇ ಎಷ್ಟೋ ಜನ ಕೇಳಿಲ್ಲ. ಬೇಜಾರಾಗುತ್ತದೆ. ಸುಮಂತ್ ಭಟ್ ನಿರ್ದೇಶನ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ ಮುಂಬೈಯಿಂದ ಉಡುಪಿಯ ನೆಂಟರ ಮನೆಗೆ ಬರುತ್ತಾನೆ. ಆ ಪಾತ್ರ ಮಾಡಿದ ಆತಿಶ್ ಶೆಟ್ಟಿಯ ಮುಖ ಇನ್ನೂ ಕಣ್ಣ ಮುಂದಿದೆ. ತುಂಬಾ ನಿಧಾನ ಅಂದರು ಕೆಲವರು. ಸಾವಾದ ಮನೆಯಲ್ಲಿ ದಿನ ನಿಧಾನಕ್ಕೇ ಹೋಗುತ್ತದೆ ಅಲ್ವಾ?

ನನ್ನನ್ನು ಜಾಸ್ತಿ ಕಾಡಿದ್ದು 'ಶಿವಮ್ಮ'. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ, ಏಷ್ಯಾದ ಹೊಸ ನಿರ್ದೇಶಕರಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ ಈ ಸಿನಿಮಾ ನಮ್ಮ ಥಿಯೇಟರಿಗೆ ಬರುವಾಗ 2024ರ ಜೂನ್. ಜೈಶಂಕರ್ ಆರ್ಯರ್ ಇದನ್ನು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಆ ಊರಿನವರನ್ನೇ ಹಾಕಿಕೊಂಡು ತೆಗೆದಿದ್ದಾರೆ. ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡನಿಗೆ ಕಾಯಿಲೆ, ಮಗಳ ಮದುವೆ ಬೇರೆ ಆಗಬೇಕು. ಸಾಲ ಮಾಡಿ ಚೈನ್ ಲಿಂಕ್ ಕಂಪನಿಯೊಂದರ ಶಕ್ತಿಪುಡಿ ಮಾರಲು ಹೊರಡುತ್ತಾಳೆ.

ನಮ್ಮತ್ತೆಯೂ ಇಂಥದ್ದೇ ಒಂದು ಕಂಪನಿಗೆ ಸೇರಿದ್ದರು. ಮಂಚದ ಕೆಳಗೆ ಪುಡಿ ಡಬ್ಬಿಗಳ ಸಾಲು. ಮನೆಗೆ ಯಾರೇ ಬಂದರೂ ಕಾಫಿ ಬದಲು ಆ ಪುಡಿ ಕದಡಿ ಕೊಡುತ್ತಿದ್ದರು. ಕುಡಿದ ಮೇಲೂ ಲೋಟದ ತಳದಲ್ಲಿ ಕರಗದ ಗಂಟುಗಳು ಉಳಿಯುತ್ತಿದ್ದವು. ಬುದ್ಧಿ ಇಲ್ವಾ ನಿಮಗೆ ಅಂತ ನಾವೆಲ್ಲ ಬೈದಿದ್ದೆವು. ಈ ಸಿನಿಮಾ ಶಿವಮ್ಮನನ್ನು ಹಾಗೆ ಬೈಯುವುದಿಲ್ಲ. ಮೋಸ ಹೋದ ದಡ್ಡಿ ಅಂತ ತೋರಿಸುವುದಿಲ್ಲ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ಬಿಸಿಲಲ್ಲಿ ಮನೆಮನೆ ತಿರುಗುವುದನ್ನು ನೋಡುತ್ತಾ ನನಗೆ ಅತ್ತೆಯ ಹಟ ಮೊದಲ ಸಲ ಅರ್ಥವಾಯಿತು. ಆ ಡಬ್ಬಿಗಳಲ್ಲಿ ಅವರು ಮಕ್ಕಳ ಫೀಸು ನೋಡುತ್ತಿದ್ದರು.

ಆ ಶೋನಲ್ಲಿ ಇದ್ದಿದ್ದು ಒಂಬತ್ತೇ ಜನ. ಅತ್ತೆಯನ್ನು ಕರೆದುಕೊಂಡು ಬರಬೇಕು ಅಂದುಕೊಂಡೆ. ಮುಂದಿನ ವಾರ ಹೋಗಿ ನೋಡಿದರೆ ಸಿನಿಮಾ ಎತ್ತಿಬಿಟ್ಟಿದ್ದರು. ಅದಕ್ಕೇ ಈಗ ಯಾರು ಕೇಳಿದರೂ, ಒಟಿಟಿಗೆ ಬರಲಿ ಅಂತ ಕಾಯಬೇಡಿ, ಬಿಡುಗಡೆಯಾದ ಶುಕ್ರವಾರವೇ ಹೋಗಿ ಅನ್ನುತ್ತೇನೆ.